ಹದಿನೇಳನೆಯ ಠರಾವು

ಫೌಂಟನ್ನಿನ ಕಟ್ಟೆಯ ಹಳೆ ಪುಸ್ತಕಗಳ ರಾಶಿಯಿಂದ
ಬೆನ್ನು ಹರಿದದ್ದೊಂದನ್ನು ಆರಾಣೆಗೆ ತಂದರು ಸಲ್ಡಾನ.
ಹಗಲು ಬಂದರಿನ ಕಚೇರಿಯಲ್ಲಿ ಗುಮಾಸ್ತ,
ರಾತ್ರಿ ಹತ್ತೂವರೆಗೆ, ಬೋರಾ ಬಜಾರಿನ ನಮ್ಮ ಹೋಟೆಲಿನ
ಶಟರು ಮುಕ್ಕಾಲು ಇಳಿದ ಮೇಲೆ, ನಮಗೆ ಮಾಸ್ತರು.

ಅಂದು ಕಾಗುಣಿತ ಬಿಟ್ಟು ಅಮೆರಿಕ ಓದಿದರು.
ನೂರಿಪ್ಪತ್ತು ವರ್ಷದ ಹಿಂದೆ, ಹಿಮ ಬೀಳುವ ಊರುಗಳಲ್ಲಿ,
ರಾಜನಿಲ್ಲದ ಜನ, ಬಡಗಿ, ಕಮ್ಮಾರ, ಜೋಡು ಹೊಲಿಯುವವ,
ಕುಡಿತ ಬಿಡಲೊಂದು ಸಂಘ ಕಟ್ಟಿದರಂತೆ,
ಬೆಂಕಿ ಬಿದ್ದರೆ ಬಕೀಟು ಹಿಡಿದು ಓಡಲೊಂದು,
ಕೂಡಿ ಓದಲೊಂದು, ಜೈಲಿನವರ ಕಷ್ಟ ಕೇಳಲೊಂದು.
"ಇವರಿಗೆ ಬೇರೆ ಕೆಲಸ ಇರಲಿಲ್ಲವೋ?"
ದೋಸೆ ಕಾವಲಿಯ ಐತಪ್ಪ ಕೇಳಿದ.
"ಇತ್ತು. ಅದಕ್ಕೇ ರಾತ್ರಿ ಸೇರುತ್ತಿದ್ದರು."
"ಎಲ್ಲರ ಕೈಯೂ ಎಣಿಕೆಗೆ ಬರುತ್ತಿತ್ತೋ?"
ಮಾಸ್ತರರು ಪುಟ ತಿರುವಿದರು.
"ಇಲ್ಲ. ಹೆಂಗಸರದು ಇಲ್ಲ.
ಕೊಂಡು ತಂದು ದುಡಿಸಿದವರದು ಇಲ್ಲವೇ ಇಲ್ಲ.
ಅದು ತಪ್ಪೆನ್ನಲೂ ಒಂದು ಸಂಘ ಹುಟ್ಟಿತಂತೆ.
ಮುಂದಿನ ಹಾಳೆ ಹರಿದಿದೆ."

ಆ ರಾತ್ರಿಯೇ ನಮ್ಮದೂ ಹುಟ್ಟಿತು.
ಹೆಸರಿಡುವುದಕ್ಕೇ ಮೂರು ವಾರ ಜಗಳ.
ಹಾರ್ಲಿಕ್ಸ್ ಬಾಟಲಿಗೆ ತಲೆಗೆ ವಾರಕ್ಕೊಂದಾಣೆ,
ಸ್ಲೇಟಿಗೆ, ಜ್ವರಕ್ಕೆ,
ಯಾರಾದರೂ ಸತ್ತರೆ ಅವನ ತಾಯಿಗೊಂದು ತಂತಿಗೆ.
ಕುಡಿಯುವುದಿಲ್ಲ ಎಂದು ಹನ್ನೊಂದು ಜನ ಬರೆದುಕೊಟ್ಟರು.
ಎಂಟು ಹೆಬ್ಬೆಟ್ಟು. ಮಸಿಗಿಂತ ಎಣ್ಣೆಯೇ ಚೆನ್ನಾಗಿ ಮೂಡಿತ್ತು.
ನಾನು ಲೋಟ ತೊಳೆಯುವ ಹುಡುಗ, ಹನ್ನೆರಡು ವರ್ಷ.
ನನ್ನ ಹೆಬ್ಬೆಟ್ಟು ಯಾರೂ ಕೇಳಲಿಲ್ಲ.

ರುಬ್ಬುಕಲ್ಲಿನ ದೂಮಣ್ಣ
ನಾಲ್ಕನೆಯ ತಿಂಗಳು ಕಳ್ಳಭಟ್ಟಿಯ ವಾಸನೆ ಹೊತ್ತು ಬಂದ.
ಸರಕಾರ ಸಾರಾಯಿ ಮುಚ್ಚಿಸಿದ ಕಾಲ,
ಟಯರಿನ ಟ್ಯೂಬುಗಳಲ್ಲಿ ಅದು ಊರಿಡೀ ಹರಿಯುತ್ತಿತ್ತು.
ಅವನೇನೂ ಅಡಗಿಸಲಿಲ್ಲ.
ಮನೆಯಿಂದ ಕಾಗದ ಬಂದಿತ್ತು.
ಯಾರ ಹತ್ತಿರವೂ ಓದಿಸದೆ, ಜನ್ಮದಲ್ಲಿ ಮೊದಲ ಸಲ,
ತಾನೇ ಓದಿಕೊಂಡಿದ್ದ.
ಏನಿತ್ತೆಂದು ಹೇಳಲಿಲ್ಲ.

ಹೊರಹಾಕಬೇಕು: ಐದು ಕೈ.
ಬೇಡ: ಐದು ಕೈ.
"ನಾನು ಹೊರಗಿನವ, ನನ್ನದು ಸೇರದು" ಎಂದರು ಮಾಸ್ತರರು,
"ಲೋಟದವನಿಗೂ ಕೈ ಇದೆಯಲ್ಲ."

ಅಲ್ಲಿಯವರೆಗೆ ಆ ಕೈಯನ್ನು ಕರೆದದ್ದು
ಧಣಿಯ ಚಿಟಿಕೆ ಮಾತ್ರ.
ಎತ್ತಿದೆ. ಸೋಪಿನ ನೊರೆ ಮೊಣಕೈಗಿಳಿಯಿತು.
ಹೊರಹಾಕಬೇಕು ಎನ್ನುವ ಕಡೆಗೆ.

ಯಾಕೆಂದು ಅರವತ್ತೈದು ವರ್ಷ ಕೇಳಿಕೊಂಡಿದ್ದೇನೆ.
ಸಿಟ್ಟಿರಲಿಲ್ಲ. ಡಿಸೆಂಬರಿನ ರಾತ್ರಿ
ತನ್ನ ಗೋಣಿಯಲ್ಲಿ ಅರ್ಧ ಕೊಟ್ಟವನು ಅವನೇ.
ಎತ್ತಿದರೆ ಏನೋ ಒಂದು ಅಲ್ಲಾಡುತ್ತದೆ
ಎಂಬುದೇ ನನ್ನ ಮೊದಲ ಅಮಲು, ಅಷ್ಟೆ.

ದೂಮಣ್ಣ ಸ್ಲೇಟು ಒರೆಸಿಟ್ಟು ಹೋದ.
ಮರುರಾತ್ರಿ ಶಟರಿನಡಿ ಎರಡು ಪಾದ.
ನಾವು ಒತ್ತಕ್ಷರ ಕೂಗಿದಂತೆ ಹೊರಗಿನಿಂದಲೂ ಒಂದು ದನಿ,
ಅರ್ಧ ಉಸಿರು ಹಿಂದೆ:
ಅಕ್ಕ. ಹಗ್ಗ. ಬೆಕ್ಕು.
ಯಾರೂ ನೋಡಲಿಲ್ಲ. ಎಲ್ಲರೂ ನೋಡಿದರು.
ಹೀಗೆ ಒಂಬತ್ತು ರಾತ್ರಿ.

ನಡಾವಳಿ ಪುಸ್ತಕ ಈಗ ನನ್ನ ಬಳಿಯಿದೆ.
ಹದಿನೇಳನೆಯ ಠರಾವು, ಐತಪ್ಪನ ಕೈ, ಒತ್ತು ಬಿಟ್ಟ ಬರಹ:
"ಹೊರಗಿನವನು ಹೊರಗೇ ಇರತಕದು.
ಶಟರು ಮಾತ್ರ ಇನೊಂದು ಗೇಣು ಮೇಲಿರತಕದು.
ಲಾಟೀನು ಬಾಗಿಲ ಕಡೆ ಸರಿಸತಕದು."
ಸೂಚಿಸಿದವನು ನಾನಲ್ಲ.
ನಾನಾಗಿದ್ದರೆ ಕತೆ ಚೆನ್ನಾಗಿರುತ್ತಿತ್ತು.

ಅಳತೆಗೆ ಮಾತ್ರ ನನ್ನನ್ನು ಕರೆದರು.
ನೆಲಕ್ಕೆ ಕುಕ್ಕರಿಸಿ ಗೇಣಿಟ್ಟೆ.
"ಇದು ಮಗುವಿನ ಗೇಣು, ಸಾಲದು" ಎಂದು
ಐತಪ್ಪ ನನ್ನ ಕೈ ಸರಿಸಿ,
ಕಾವಲಿಯಲ್ಲಿ ಬೆಂದ ತನ್ನ ಬೆರಳುಗಳನ್ನು
ಆದಷ್ಟು ಅಗಲಿಸಿ,
ಮತ್ತೆ ಅಳೆದ.